ಪಕ್ಕದ ಸೀಟಿನ ಬ್ರೇಕು

ನನ್ನ ಅಕ್ಕನ ಗಂಡ ಡ್ರೈವಿಂಗ್ ಕಲಿಸುವ ಮೇಷ್ಟ್ರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲಡಿಗಿರುವ ಇನ್ನೊಂದು ಬ್ರೇಕನ್ನು ಒತ್ತುತ್ತಲೇ ಅವರ ಅರ್ಧ ಆಯುಷ್ಯ ಕಳೆದಿದೆ. ಅಭ್ಯಾಸ ಎಷ್ಟು ಮೈಗೂಡಿದೆಯೆಂದರೆ ಬಸ್ಸಿನಲ್ಲಿ ಕೂತರೂ ಅವರ ಕಾಲು ನೆಲ ಒತ್ತುತ್ತದೆ. ಟೀವಿಯಲ್ಲಿ ಕಾರು ಓಡಿದರೆ ಸೋಫಾದ ಮುಂದಿನ ಚಾಪೆ ಮುದುಡುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಭಾವನದು ಕೂತು ಕೂತು ಬಂದ ಗುಣ, ಅದೂ ಹೋಗುವುದಿಲ್ಲ.

ಒಳ್ಳೆಯ ಮೇಷ್ಟ್ರು, ಅದರಲ್ಲಿ ಎರಡು ಮಾತಿಲ್ಲ. ಕೈ ನಡುಗುವ ಮುದುಕರಿಗೂ, ಹಾರ್ನ್ ಕೇಳಿದರೆ ಅಳುವ ಹುಡುಗಿಯರಿಗೂ ದನಿ ಏರಿಸದೆ ಕಲಿಸಿದ್ದಾರೆ. ಕಲಿಸಲಾಗದೆ ಹೋದದ್ದು ನಮ್ಮಕ್ಕನಿಗೆ ಮಾತ್ರ. ಮದುವೆಯಾದ ಹೊಸದರಲ್ಲಿ ಒಂದು ವಾರ ಪ್ರಯತ್ನಪಟ್ಟರು. ಅವಳು ಗೇರ್ ಮುಟ್ಟುವ ಮೊದಲೇ ಇವರು ಬ್ರೇಕ್ ಒತ್ತುತ್ತಿದ್ದರು. ವಾರದ ಕೊನೆಗೆ ಇಬ್ಬರ ನಡುವೆ ಮಾತು ನಿಂತಿತು. ಅಕ್ಕ ಸುಮ್ಮನಿರುವ ಪೈಕಿಯಲ್ಲ, ಅವರು ಚಾಪೆ ಕೆಳಗೆ ತೂರಿದರೆ ಇವಳು ರಂಗೋಲಿ ಕೆಳಗೆ ತೂರುವವಳು. ಎದುರು ಬೀದಿಯ ಇನ್ನೊಂದು ಡ್ರೈವಿಂಗ್ ಶಾಲೆಗೆ ಸೇರಿ, ಲೈಸೆನ್ಸ್ ತಂದು ಊಟದ ಮೇಜಿನ ಮೇಲಿಟ್ಟಳು. ಭಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಫೋಟೋ ಚೆನ್ನಾಗಿ ಬಂದಿದೆ" ಅಂದರಂತೆ.

ಹೋದ ವರ್ಷ ಭಾವನ ಕಣ್ಣಿಗೆ ತೊಂದರೆ ಶುರುವಾಯಿತು. ಎದುರಿನದು ಕಾಣುತ್ತದೆ, ಅಕ್ಕಪಕ್ಕದ್ದು ಕಾಣುವುದಿಲ್ಲ. ಕಣ್ಣಿನ ಡಾಕ್ಟರು ಸುತ್ತಿಬಳಸದೆ ಹೇಳಿದರು: "ಹೋದ ದೃಷ್ಟಿ ವಾಪಸ್ ಬರಲ್ಲ. ಉಳಿದದ್ದನ್ನ ಔಷಧಿ ಹಾಕಿ ಕಾಪಾಡೋಣ, ಎಲ್ಲಿವರೆಗೆ ಅಂತ ಹೇಳಕ್ಕಾಗಲ್ಲ. ಇನ್ನು ಡ್ರೈವಿಂಗ್ ಮಾತ್ರ ಬೇಡ." ಭಾವ ಶಾಲೆ ಮುಚ್ಚಿದರು. ಆಮೇಲೆ ಬಾಲ ಸುಟ್ಟ ಬೆಕ್ಕಿನ ಹಾಗೆ ಮನೆಯೊಳಗೇ ತಿರುಗತೊಡಗಿದರು.

ಆಗ ಅಕ್ಕ ಸಮುದ್ರದ ಮಾತೆತ್ತಿದಳು. ಬೆಟ್ಟಕ್ಕೂ ಕಡಲಿಗೂ ನಡುವೆ ಹೋಗುವ ಆ ರಸ್ತೆಯಲ್ಲಿ ಒಮ್ಮೆ ಹೋಗಿಬರಬೇಕು ಅನ್ನುವುದು ಮದುವೆಯಾದಾಗಿನ ಮಾತು. ರಜೆ ಬಂದಾಗಲೇ ಕಲಿಯುವವರು ಹೆಚ್ಚು, ಹಾಗಾಗಿ ವರ್ಷ ವರ್ಷವೂ ಮುಂದಕ್ಕೆ ಹೋಗಿತ್ತು.

"ನಾನು ಓಡಿಸ್ತೀನಿ, ನೀವು ಕೂತು ನೋಡಿ," ಅಂದಳು. "ಕಣ್ಣು ಇಷ್ಟಾದ್ರೂ ಇರುವಾಗಲೇ ಹೋಗಿಬರೋಣ."



ಭಾನುವಾರ ಪ್ಲಾನು ಮಾಡಲು ಕೂತೆವು. ಜೊತೆಗೆ ಹೋಗುವವಳಾದ್ದರಿಂದ ನಾನೂ ಇದ್ದೆ. ಪಾರ್ಕಿಂಗ್ ಪಾಠಕ್ಕೆ ಭಾವ ಬಳಸುತ್ತಿದ್ದ ಆಟಿಕೆ ಕಾರು, ಬೆಂಕಿಪೊಟ್ಟಣಗಳು ಮೇಜಿಗೆ ಬಂದವು. ಅಕ್ಕನ ಉಲ್ಲನ್ ದಾರ ರಸ್ತೆಯಾಯಿತು. ಎಲ್ಲೆಲ್ಲಿ ನಿಲ್ಲಬೇಕೋ ಅಲ್ಲೆಲ್ಲ ಅಕ್ಕ ಒಂದೊಂದು ಪೊಟ್ಟಣ ಇಡುತ್ತಾ ಹೋದಳು: ದೀಪಸ್ತಂಭ, ಕಪ್ಪು ಬಂಡೆಗಳ ಕೊಲ್ಲಿ, ಮೀನುದೋಣಿಗಳು ಬಂದು ನಿಲ್ಲುವ ಕಟ್ಟೆ, ಕಡಲು ಒಮ್ಮೆಗೇ ಪೂರ್ತಿ ಕಾಣುತ್ತದೆಂದು ಹೋದವರೆಲ್ಲ ಹೇಳುವ ಬೆಟ್ಟದ ತಿರುವು. ಭಾವ ಹಿಂದಿನಿಂದ ಎತ್ತುತ್ತಾ ಬಂದರು.

"ದೀಪಸ್ತಂಭದ ಹತ್ರ ಗಾಡಿ ತಿರುಗಿಸೋಕೆ ಜಾಗ ಇರಲ್ಲ."

"ಕಟ್ಟೆ ಮೇಲೆ ನೀರಿರುತ್ತೆ, ಟೈರು ಜಾರುತ್ತೆ."

"ತಿರುವಲ್ಲಿ ನಿಲ್ಲಿಸಿದ್ರೆ ಏರಲ್ಲಿ ಮತ್ತೆ ಹೊರಡಿಸಬೇಕು. ಬೇಡ."

ಅವರೇ ಇಟ್ಟು ಕೊನೆಗೆ ಉಳಿಸಿದ್ದು ಎರಡು ಪೆಟ್ರೋಲ್ ಬಂಕು ಮತ್ತು ಒಂದು ದೊಡ್ಡ ಅಂಗಡಿಯ ಪಾರ್ಕಿಂಗ್.

"ಭಾವ, ನಾವು ಹೋಗ್ತಿರೋದು ಸಮುದ್ರ ನೋಡೋಕೋ, ಪಾರ್ಕಿಂಗ್ ನೋಡೋಕೋ?" ಅಂದೆ.

"ನೀನು ಸುಮ್ನಿರೇ," ಅಂದರು.

ಅಕ್ಕ ಜಗಳವಾಡದೆ ಪೊಟ್ಟಣಗಳನ್ನು ಮತ್ತೆ ಅವುಗಳ ಜಾಗದಲ್ಲಿಟ್ಟಳು. ಭಾವ ಈ ಸಲ ಎತ್ತಲಿಲ್ಲ. ಅಷ್ಟು ಸುಲಭಕ್ಕೆ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಹೊರಡುವ ದಿನ ಬೆಳಿಗ್ಗೆ ಡಿಕ್ಕಿಗೆ ಚೀಲ ತುಂಬಿಯಾಗಿತ್ತು. ಕಾರಿನೊಳಗಿನ ಕಸ ಗುಡಿಸಲು ಬಗ್ಗಿದ ಅಕ್ಕ ಹಾಗೇ ನಿಂತಳು. ಪಕ್ಕದ ಸೀಟಿನ ಮುಂದೆ, ಕಾಲಿಡುವ ಜಾಗದಲ್ಲಿ, ಇನ್ನೊಂದು ಬ್ರೇಕು. ಹಿಂದಿನ ದಿನ ಸರ್ವಿಸ್ ಮಾಡಿಸುವ ನೆಪದಲ್ಲಿ ಮೆಕ್ಯಾನಿಕ್‌ಗೆ ಕಾರು ಕೊಟ್ಟ ಭಾವ, ಶಾಲೆಯ ಕಾರಿನ ಬ್ರೇಕನ್ನು ಬಿಚ್ಚಿಸಿ ಇದಕ್ಕೆ ಹಾಕಿಸಿಬಿಟ್ಟಿದ್ದರು. ಪ್ರಪಂಚದಲ್ಲಿ ಇನ್ಯಾವ ಗಂಡನಿಗೂ ಈ ಬುದ್ಧಿ ಹೊಳೆಯಲಿಕ್ಕಿಲ್ಲ.

ಅಕ್ಕ ಒಂದು ಚೀಲ ಇಳಿಸಿ ಗೇಟಿನ ಪಕ್ಕ ಇಟ್ಟಳು. ಇನ್ನೊಂದನ್ನೂ ಇಳಿಸಿದಳು. ನನಗೆ ಸಿಟ್ಟು ನೆತ್ತಿಗೇರಿತು.

"ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನೋದು ನಿಮ್ಮನ್ನ ನೋಡೇ ಹೇಳಿರಬೇಕು ಭಾವ," ಅಂದೆ.

"ಅವಳ ಮೇಲೆ ನಂಬಿಕೆ ಇಲ್ಲ ಅಂತಲ್ಲಮ್ಮ," ಅಂದರು. "ಪಕ್ಕದಿಂದ ಏನು ಬಂದ್ರೂ ಈಗ ನನಗೆ ಕಾಣಲ್ಲ. ಕಾಲಡಿ ಏನೂ ಇಲ್ಲದೆ ಕೂರೋಕೆ ಭಯ ಆಗುತ್ತೆ."

ಭಯ ಅನ್ನುವ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅಕ್ಕ ಮಾತ್ರ ಬಿಡಲಿಲ್ಲ.

"ಭಯ ನನಗೂ ಇದೆ ಕಣ್ರೀ. ಆದ್ರೆ ಕಾಲು ಬ್ರೇಕ್ ಮೇಲಿದ್ರೆ ನಿಮ್ಮ ಕಣ್ಣು ರಸ್ತೆ ಮೇಲೇ ಇರುತ್ತೆ. ದಾರಿಯುದ್ದಕ್ಕೂ ಮುಂದಿನ ಲಾರಿ ನೋಡ್ಕೊಂಡು ಬರ್ತೀರ. ಆಮೇಲೆ ನಾನು ಸಮುದ್ರ ಯಾರಿಗೆ ತೋರಿಸ್ಲಿ?"

ಭಾವ ಕನ್ನಡಕ ತೆಗೆದು ಒರೆಸಿಕೊಂಡರು. ಬ್ರೇಕ್ ಬಿಚ್ಚಿಸೋಣವೆಂದರೆ ಮೆಕ್ಯಾನಿಕ್ ಅಂಗಡಿಗೆ ಅಂದು ರಜೆ. ಭಾವ ಚೀಲಗಳನ್ನು ತಾವೇ ಎತ್ತಿ ಡಿಕ್ಕಿಗೆ ಹಾಕಿದರು. ಹಿಂದಿನ ಬಾಗಿಲು ತೆಗೆದು ಹಿಂದಿನ ಸೀಟಿನಲ್ಲಿ ಕೂತರು. ಬ್ರೇಕಿನ ಸೀಟು ನನ್ನ ಪಾಲಿಗೆ ಬಂತು. ಅಕ್ಕನ ಹತ್ತಿರ ಬೈಸಿಕೊಳ್ಳುವ ಧೈರ್ಯವಿಲ್ಲದೆ ನಾನು ಕಾಲು ಮಡಿಸಿಕೊಂಡೇ ಕೂತೆ.

ಊರು ದಾಟುವವರೆಗೂ, ದಾಟಿದ ಮೇಲೂ ಹಿಂದಿನಿಂದ ಉಪದೇಶ ಬರುತ್ತಲೇ ಇತ್ತು. ಗೇರ್ ಇಳಿಸು, ಹಾರ್ನ್ ಮಾಡು, ಆ ಸೈಕಲ್ಲಿನವನನ್ನ ನಂಬಬೇಡ. ಅಕ್ಕ "ಆಯ್ತು, ಆಯ್ತು" ಅನ್ನುತ್ತಾ ತನಗೆ ಸರಿ ಕಂಡದ್ದನ್ನು ಮಾಡುತ್ತಿದ್ದಳು. ದೀಪಸ್ತಂಭದ ಬಳಿ ಗಾಡಿ ತಿರುಗಿಸಲು ನಿಜಕ್ಕೂ ಜಾಗವಿರಲಿಲ್ಲ. ಸಣ್ಣ ಓಣಿಯುದ್ದಕ್ಕೂ ರಿವರ್ಸ್‌ನಲ್ಲೇ ಬಂದಳು, ಗೋಡೆಗೆ ಒಂದು ಗೀರೂ ಆಗಲಿಲ್ಲ. ಅದಾದ ಮೇಲೆ ಉಪದೇಶ ಕಡಿಮೆಯಾಯಿತು.

ಬೆಟ್ಟದ ತಿರುವಿನಲ್ಲಿ ಅಕ್ಕ ಕಾರನ್ನು ಅಂಚಿಗೆ ತಂದು ನಿಲ್ಲಿಸಿದಳು. ಹೇಳಿದ್ದ ಹಾಗೆಯೇ ಕಡಲು ಒಮ್ಮೆಗೇ ಪೂರ್ತಿ ಕಂಡಿತು, ನನಗೂ ಅಕ್ಕನಿಗೂ. ಭಾವನಿಗೆ ಹಾಗೆ ಕಾಣುವಂತಿರಲಿಲ್ಲ. ಅವರು ಗಾಜು ಇಳಿಸಿ, ತಲೆಯನ್ನು ಒಂದು ತುದಿಯಿಂದ ನಿಧಾನಕ್ಕೆ ತಿರುಗಿಸುತ್ತಾ ತುಂಡು ತುಂಡಾಗಿ ನೋಡುತ್ತಿದ್ದರು. ನನಗೆ ಅಳು ಬಂತು, ಮುಖ ತಿರುಗಿಸಿಕೊಂಡೆ. ಹಿಂದೆ ಗಾಡಿಗಳು ಸಾಲುಗಟ್ಟಿ ಬರುತ್ತಿದ್ದವು.

"ಹೊರಡೋಣ್ವಾ?" ಅಂದಳು ಅಕ್ಕ.

"ಇರೇ, ಇನ್ನೂ ಅರ್ಧ ಸಮುದ್ರ ಉಳಿದಿದೆ," ಅಂದರು ಭಾವ.

ಅಕ್ಕ ಇಂಜಿನ್ ಆಫ್ ಮಾಡಿದಳು.