ಹಗ್ಗದಾಚೆಗಿನ ಕುರ್ಚಿ

“ತಪ್ಪು ನನ್ನದೇ ಅತ್ತೆ, ಅವರದೇನೂ ಇಲ್ಲ. ಹೊಲದ ತಾಕಿನ ಸುತ್ತ ಹಗ್ಗ ಕಟ್ಟಿದ್ದೆ, ಬೋರ್ಡು ನೆಟ್ಟಿದ್ದೆ. ಕೈಗೆ ಗವಸು, ಕಾಲಿಗೆ ಗಂಬೂಟು, ಮುಖಕ್ಕೆ ಮಾಸ್ಕು, ಯಾವುದರಲ್ಲೂ ಕೊರತೆ ಇರ್ಲಿಲ್ಲ. ಗಾಳಿ ಎತ್ತ ಬೀಸ್ತಿದೆ ಅಂತ ಒಂದು ಚಿಟಿಕೆ ಮಣ್ಣು ತೂರಿ ನೋಡಿದೆ, ಅದಕ್ಕೆ ಪರೀಕ್ಷೆಯ ಸಾಹೇಬ್ರು ತಲೆಯಾಡಿಸಿದ್ರು ಕೂಡ. ಒಂದು ಸಾಲು ಹೊಡೆದು ಮುಗಿಸಿದ್ದೆ ಅಷ್ಟೇ, ಅವರು ಹಗ್ಗ ಎತ್ತಿ ಒಳಗೇ ಬಂದ್ಬಿಟ್ರು. ‘ಎಲ್ಲಿ, ಎಲೆ ಹಿಂಬದಿಗೂ ಬಿದ್ದಿದೆಯಾ ನೋಡೋಣ’ ಅಂದ್ರು. ಪಂಪಿನಲ್ಲಿ ಇದ್ದಿದ್ದು ಬರೀ ಬಣ್ಣದ ನೀರು ಅತ್ತೆ. ಅವರಿಗೂ ಗೊತ್ತು, ನನಗೂ ಗೊತ್ತು. ಆದ್ರೆ ಪರೀಕ್ಷೇಲಿ ಅದನ್ನ ವಿಷ ಅಂತಲೇ ತಿಳ್ಕೊಂಡು ನಡೀಬೇಕು. ಯಾರೇ ಒಳಗೆ ಬಂದ್ರೂ ತಡೀಬೇಕು. ಅದೂ ಗೊತ್ತಿತ್ತು. ಏನು ಮಾಡ್ಲಿ? ವಯಸ್ಸಾದೋರು, ಮೊಣಕಾಲು ನೋವು ಬೇರೆ ಇದ್ದ ಹಾಗಿತ್ತು, ಬಗ್ಗೋಕೆ ಕಷ್ಟಪಡ್ತಿದ್ರು. ಹಿರಿಯರಿಗೆ ‘ಆಚೆ ಹೋಗಿ’ ಅನ್ನೋಕೆ ಬಾಯಿ ಬರ್ಲಿಲ್ಲ. ಪಂಪು ಕೆಳಗಿಟ್ಟು ಶೆಡ್ಡಿಗೆ ಓಡಿ ಒಂದು ಕುರ್ಚಿ ತಂದೆ. ಧೂಳು ಒರೆಸಿ ‘ಕೂತ್ಕೊಳ್ಳಿ ಸರ್’ ಅಂದೆ. ಕೂತ್ರು. ಕೂತ್ಕೊಂಡೇ ಫೇಲ್ ಅಂತ ಬರೆದ್ರು.”

ಹೀಗೆಂದವರು ನಮ್ಮ ಅಳಿಯ. ಊಟಕ್ಕೆ ಕೂತು, ಕೈಯಲ್ಲಿದ್ದ ತುತ್ತನ್ನು ಬಾಯಿಗಿಡಲು ಮರೆತು ಇಷ್ಟನ್ನೂ ಹೇಳಿದರು. ನಾನು ನಗು ತಡೆದುಕೊಂಡು ಬಡಿಸುವ ಪಾತ್ರೆಯ ಕಡೆ ತಿರುಗಿದೆ. ನನ್ನ ಮಗಳಿಗೆ ಅಷ್ಟು ತಾಳ್ಮೆ ಎಲ್ಲಿಯದು!

“ಒಂದು ಲೋಟ ನೀರೂ ಕೊಡಬೇಕಿತ್ತು ರೀ. ಸಹಿ ಇನ್ನೂ ಚೆನ್ನಾಗಿ ಹಾಕ್ತಿದ್ರು.”

“ಕೊಟ್ಟೆ” ಎಂದರು ಅಳಿಯ, ತಟ್ಟೆ ನೋಡುತ್ತ.

ಔಷಧಿ ಹೊಡೆದ ಜಾಗದಲ್ಲಿ ತಿನ್ನುವುದು, ಕುಡಿಯುವುದು ಎಲ್ಲಕ್ಕಿಂತ ದೊಡ್ಡ ತಪ್ಪಂತೆ. ಅಂದರೆ ಫೇಲಾದ ಮೇಲೂ ಇನ್ನೊಂದು ಸಲ ಫೇಲಾಗಿ ಬಂದಿದ್ದರು.

ನಮ್ಮ ಬೀದಿಯಲ್ಲಿ ಅವರಿಗೆ ಪರವಾಗಿಲ್ಲಪ್ಪ ಎಂದೇ ಹೆಸರು. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ “ಪರವಾಗಿಲ್ಲ” ಎಂದು ತಮ್ಮ ಕಾಲನ್ನೇ ಒಳಗೆಳೆದುಕೊಳ್ಳುತ್ತಾರೆ, ಅದು ಅಲ್ಲಿದ್ದದ್ದೇ ತಪ್ಪೆನ್ನುವ ಹಾಗೆ. ಒಮ್ಮೆ ಕ್ಷೌರದವನು ಒಂದು ಕಿವಿಯ ಪಕ್ಕ ಹೆಚ್ಚು ಕತ್ತರಿಸಿಬಿಟ್ಟ. ಅವನಿಗೆ ಬೇಜಾರಾದೀತೆಂದು ಕೂದಲು ಬೆಳೆಯುವವರೆಗೆ ಅವನ ಅಂಗಡಿ ಮುಂದೆ ಮಾತ್ರ ತಲೆ ಓರೆ ಮಾಡಿಕೊಂಡು ಹೋಗುತ್ತಿದ್ದರು. ಇಸ್ತ್ರಿ ಮಾಡಿಟ್ಟ ಅಂಗಿಯ ಮೇಲೆ ಬೆಕ್ಕು ಮಲಗಿದರೆ ಹಳೆಯದನ್ನು ಹಾಕಿಕೊಂಡು ಕೆಲಸಕ್ಕೆ ಹೊರಡುವ ಮನುಷ್ಯ.

ಕೆಲಸ, ಬೆಳೆಗೆ ಹೊಡೆಯುವ ಹೊಸ ಹೊಸ ಔಷಧಿಗಳನ್ನು ಪರೀಕ್ಷೆ ಮಾಡುವ ತೋಟದಲ್ಲಿ. ಬೆನ್ನಿಗೆ ಪಂಪು ಏರಿಸಿ ಹೇಳಿದ ಸಾಲಿಗೆ ಹೇಳಿದಷ್ಟು ಹೊಡೆಯಬೇಕು. ಪಕ್ಕದ ಒಂದು ಸಾಲನ್ನು ಏನೂ ಹೊಡೆಯದೆ ಹುಳುವಿಗೇ ಬಿಟ್ಟುಕೊಡುತ್ತಾರೆ. ಎರಡನ್ನೂ ಜೊತೆಗಿಟ್ಟು ನೋಡಿದರೆ ಔಷಧಿಯ ಯೋಗ್ಯತೆ ತಿಳಿಯುತ್ತದಂತೆ. ಅಲ್ಲಿ ಬೆಳೆದದ್ದನ್ನು ಯಾರೂ ತಿನ್ನುವಂತಿಲ್ಲ, ಗುಂಡಿ ತೋಡಿ ಹೂಳುತ್ತಾರೆ. ಇದನ್ನು ಕೇಳಿದ ದಿನ ನಮ್ಮ ಯಜಮಾನರು, “ಅಷ್ಟು ದೊಡ್ಡ ಹೂಕೋಸೂ ಮಣ್ಣಿಗಾ?” ಎಂದು ಯಾರೋ ತೀರಿಕೊಂಡಂತೆ ತಲೆಯ ಮೇಲೆ ಕೈಹೊತ್ತು ಕೂತಿದ್ದರು.

ಆ ಸಾಲುಗಳನ್ನು ನೋಡಲು ರೈತರು ಗುಂಪಾಗಿ ಬರುತ್ತಾರೆ. ಈ ಸಾಲು ಯಾಕೆ ಹೀಗಾಯಿತು, ಆ ಔಷಧಿ ಎಷ್ಟು ಕಲಸಬೇಕು ಎಂದು ಪಂಪು ಹೊತ್ತವರನ್ನೇ ಕೇಳುತ್ತಾರೆ. ಅಳಿಯನಿಗೆ ಉತ್ತರ ಗೊತ್ತು, ಹೇಳುವ ಹಾಗಿಲ್ಲ. ಹೊಡೆಯುವುದಕ್ಕೆ ಒಂದು ಸರ್ಟಿಫಿಕೇಟು, ಹೊಡೆದು ನಾಲ್ಕು ಜನಕ್ಕೆ ತೋರಿಸುವುದಕ್ಕೆ ಇನ್ನೊಂದು. ಮೊದಲನೆಯದು ಅವರ ಹತ್ತಿರ ಇತ್ತು, ಈ ಪರೀಕ್ಷೆ ಎರಡನೆಯದಕ್ಕೆ. ನನಗೆ ಮೊದಲು ಇದು ವಿಚಿತ್ರ ಅನ್ನಿಸಿತ್ತು. ಆಮೇಲೆ ಅವರೇ ಬಿಡಿಸಿ ಹೇಳಿದರು: ತೋರಿಸುವವನು ಮಾಡಿದ್ದನ್ನೇ ನೋಡಿದವರೆಲ್ಲ ಮನೆಗೆ ಹೋಗಿ ಮಾಡುತ್ತಾರೆ. ಅವನ ಒಂದು ತಪ್ಪು ಊರಿಗೆಲ್ಲ ಹಂಚಿಹೋಗುತ್ತದೆ. ಸುತ್ತ ನಿಂತವರ ಮೈಮೇಲೆ ಒಂದು ಹನಿ ಬಿದ್ದರೂ ಅವನೇ ಹೊಣೆ.

“ಉತ್ತರ ನಾಲಿಗೆ ತುದೀಲೇ ಇರುತ್ತೆ ಅತ್ತೆ. ನುಂಗ್ಕೊಂಡು ಮನೆಗೆ ಬರ್ತೀನಿ” ಎನ್ನುತ್ತಿದ್ದರು. ಅವರು ಪರವಾಗಿಲ್ಲ ಎನ್ನದೆ ಇದ್ದ ಸಂಗತಿ ನಾನು ಕಂಡಂತೆ ಇದೊಂದೇ.

ಕಾಗದದ ಪರೀಕ್ಷೆ ಆಗಲೇ ಪಾಸಾಗಿತ್ತು. ಹೊಲದ ಪರೀಕ್ಷೆಗೆ ಮುಂದಿನ ತಿಂಗಳು ಇನ್ನೊಂದು ಅವಕಾಶವಿತ್ತು. ಅದೂ ಕೈಬಿಟ್ಟರೆ ಎಲ್ಲವೂ ಮೊದಲಿನಿಂದ, ಅಷ್ಟರೊಳಗೆ ತೋರಿಸುವವನ ಜಾಗ ಬೇರೆಯವರ ಪಾಲು.

“ಇದಕ್ಕೆ ನಾನಿದ್ದೀನಿ” ಎಂದರು ನಮ್ಮ ಯಜಮಾನರು. ಅವರು ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಜನರನ್ನು ಗದರುವುದನ್ನೇ ದುಡಿಮೆ ಮಾಡಿಕೊಂಡಿದ್ದರು. “ಗಂಟಲಿಂದ ಅಲ್ಲ ಅಳಿಯಂದ್ರೇ, ಹೊಟ್ಟೆಯಿಂದ ಕೂಗ್ಬೇಕು. ಬಾಗಿಲಲ್ಲಿ ನಿಲ್ಬೇಡ್ರೀ! ಒಳಗೆ ಹೋಗ್ರೀ!”

“ಅಪ್ಪಾ, ಅವರು ಹೊರಗೆ ಹೋಗಿ ಅನ್ಬೇಕಾಗಿರೋದು” ಎಂದಳು ಮಗಳು.

“ಸದ್ದು ಒಂದೇ ಕಣೇ, ದಿಕ್ಕು ಬೇರೆ.”

ದಿನಾ ಸಂಜೆ ನಡುಮನೆಯಲ್ಲಿ ಪಾಠ ಶುರುವಾಯಿತು. ಕಿಟಕಿಯ ಸರಳಿನಿಂದ ಮಂಚದ ಕಾಲಿಗೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿದರು. ಅಳಿಯ ಖಾಲಿ ಪಂಪು ಹೊತ್ತು ಆ ಕಡೆ, ಯಜಮಾನರು ಪರೀಕ್ಷೆಯ ಸಾಹೇಬರಾಗಿ ಈ ಕಡೆ. ಸಾಹೇಬರು ಕಾಲೆತ್ತಿ ಹಗ್ಗ ದಾಟಬೇಕು, ಅಳಿಯ ಗದರಬೇಕು. ಮೊದಲ ದಿನ ಮಾವ ಎಡವಿ ಬಿದ್ದಾರೆಂದು ಅಳಿಯ ಹಗ್ಗವನ್ನೇ ಮೇಲೆತ್ತಿ ಹಿಡಿದು, “ಹುಷಾರು ಮಾವ” ಎಂದರು.

“ನನ್ನನ್ನ ಬೈರೀ!” ಎಂದು ಮಾವ ಕೂಗಿದರು.

“ಹೇಗೆ ಮಾವ?”

“ಕತ್ತೆ ಅನ್ನಿ!”

“ಅನ್ನಬಹುದಾ?”

ದಿನ ಕಳೆದ ಹಾಗೆ ಯಜಮಾನರ ಗಂಟಲು ಕಟ್ಟಿತು. ಅಳಿಯನ ಗಂಟಲಿಂದ ಹೊರಟದ್ದು ಮಾತ್ರ “ದಯವಿಟ್ಟು” ಎಂಬುದೊಂದೇ. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಬಗ್ಗಿ, “ಮಾವ ಅಳಿಯನಿಗೆ ಏನಾದ್ರೂ ಜಗಳಾನಾ?” ಎಂದು ಕೇಳಿದಳು. “ಜಗಳ ಬರ್ಲಿ ಅಂತಲೇ ಇಷ್ಟು ಒದ್ದಾಟ” ಎಂದೆ.

ಅವರು ಹೇಳಲಾರದೆ ನುಂಗಿದ್ದು ಹೊಲದಲ್ಲಿ ಮಾತ್ರವೇ? ನಮ್ಮ ಬಚ್ಚಲಲ್ಲಿ ಒಂದು ಕೆಂಪು ಬಕೆಟ್ಟಿದೆ. ಹೊಲದಿಂದ ಬಂದ ಬಟ್ಟೆಯನ್ನು ಮನೆಯ ಬಟ್ಟೆಯ ಜೊತೆ ಸೇರಿಸಬಾರದು, ಬೇರೆಯೇ ಒಗೆಯಬೇಕು ಎಂದು ಅವರು ತಂದಿಟ್ಟದ್ದು. ತಾವೇ ಒಗೆಯುತ್ತಾರೆ. ಯಜಮಾನರು ಆ ಕಡೆ ಹೋಗುತ್ತ ತಮ್ಮ ಹೆಗಲಿನ ಟವೆಲನ್ನು ಅದರೊಳಕ್ಕೇ ಎಸೆಯುವರು. ಅಳಿಯ ಮಾತಿಲ್ಲದೆ ಅದನ್ನು ಆಚೆ ತೆಗೆದು, ಬೇರೆ ನೀರಿನಲ್ಲಿ ಮತ್ತೆ ಮತ್ತೆ ಜಾಲಿಸಿ ಒಗೆಯುವರು. ನಲ್ಲಿಯ ಸದ್ದು ಒಲೆಯ ಮುಂದಿದ್ದ ನನಗೆ ಕೇಳುತ್ತಿತ್ತು. ನಾನು ಹೇಳಿದರೆ ಯಜಮಾನರು, “ಅಳಿಯಂದ್ರೇ ಸುಮ್ನಿದ್ದಾರೆ, ಮಧ್ಯೆ ನಿಂದೇನು?” ಎನ್ನುವರು.

ಪರೀಕ್ಷೆಯ ಹಿಂದಿನ ದಿನ ಊಟಕ್ಕೆ ಕೂತಾಗ ಅಳಿಯನ ಮುಖ ಬಾಡಿತ್ತು. “ನನಗೆ ಗದರೋಕೆ ಬರಲ್ಲ ಅತ್ತೆ. ನಾಳೆ ಅವರು ಬಂದ್ರೆ ಮತ್ತೆ ಕುರ್ಚಿ ತರ್ತೀನೋ ಏನೋ.”

ಮಗಳಿಗೆ ರೇಗಿತು. “ಕುರ್ಚಿ ಹಾಕೋ ಚಟ ಬಿಡಲ್ಲ ಅಂದ್ರೆ ಹಗ್ಗದ ಹೊರಗಾದ್ರೂ ಹಾಕ್ರೀ!”

ಅವಳು ಹಂಗಿಸಿದ್ದು. ಅಳಿಯ ಮಾತ್ರ ಅಗಿಯುವುದನ್ನು ನಿಲ್ಲಿಸಿ ಅವಳ ಮುಖವನ್ನೇ ನೋಡಿದರು.

ಮರುದಿನ ನಡೆದದ್ದನ್ನು ನಮಗೆ ಹೇಳಿದವನು ತೋಟದ ಜೀಪಿನ ಡ್ರೈವರು. ಅಳಿಯನನ್ನು ಮನೆಗೆ ಬಿಡಲು ಬಂದವನು ಬಾಗಿಲಲ್ಲೇ ನಿಂತು ಶುರುಮಾಡಿದ. ಅಳಿಯ ಅವನ ಹಿಂದೆ ಮುಖ ಮರೆಸಿಕೊಂಡು ನಿಂತಿದ್ದರು.

“ಅಮ್ಮಾ, ಇವರು ಬೆಳಿಗ್ಗೆ ಬಂದೋರೇ ಶೆಡ್ಡಿನ ಕುರ್ಚಿನೆಲ್ಲಾ ಹೊತ್ತು ತಂದು ಹಗ್ಗದ ಹೊರಗೆ ಸಾಲಾಗಿ ಹಾಕಿದ್ರು. ಗಾಳಿ ನಮ್ಮ ಬೆನ್ನ ಕಡೆಯಿಂದ ಬರೋ ಹಾಗೆ ಜಾಗ ನೋಡಿ ಹಾಕಿದ್ರು. ‘ಸರ್, ಇಲ್ಲಿಂದ ಚೆನ್ನಾಗಿ ಕಾಣುತ್ತೆ, ಇಲ್ಲೇ ಕೂತ್ಕೊಂಡು ನೋಡಿ’ ಅಂದ್ರು. ಸಾಹೇಬ್ರಿಗೆ ಖುಷಿಯೋ ಖುಷಿ. ಇವರ ಮಾತು ಕೇಳ್ಬೇಕಿತ್ತು ನೀವು! ಎಷ್ಟು ಕಲಸ್ಬೇಕು, ಯಾಕೆ ಕಲಸ್ಬೇಕು, ಒಂದು ಸಾಲು ಹಾಗೇ ಬಿಟ್ಟಿದ್ಯಾಕೆ, ಎಲ್ಲಾ ಅರ್ಥವಾಯ್ತು, ನನಗೇ ಅರ್ಥವಾಯ್ತು ಅಂದ್ಮೇಲೆ! ಅಷ್ಟರಲ್ಲಿ ಗಾಳಿ ತಿರುಗ್ತು ನೋಡಿ. ಇವರು ಪಂಪು ನಿಲ್ಲಿಸಿದ್ರು. ಸಾಹೇಬ್ರು ಬೇಕು ಅಂತಲೇ ಎದ್ದು, ಹಗ್ಗದ ಮೇಲೆ ಒಂದು ಕಾಲು ಎತ್ತಿದ್ರು. ಇವರ ಬಾಯಿ ತೆರೀತು, ಮುಚ್ಚಿತು, ತೆರೀತು. ಆಮೇಲೆ ಬಂತಮ್ಮ ಒಂದು ಕೂಗು! ‘ಮಾವಾ! ಕಾಲು ತೆಗೀರಿ! ಆಚೆ ಹೋಗ್ರೀ!’ ಹಗ್ಗದ ಹತ್ರಾನೇ ಇಲ್ದಿದ್ದ ನಾನೇ ಹಿಂದೆ ಹಾರಿದೆ.”

“ನನ್ನ ಗಂಟಲು!” ಎಂದರು ಯಜಮಾನರು, ಕಟ್ಟಿದ ಗಂಟಲಲ್ಲಿ.

“ಸಾಹೇಬ್ರು ಎತ್ತಿದ ಕಾಲು ಇಳಿಸದೇ ನಿಂತು, ‘ನನಗೆ ಮಗಳೇ ಇಲ್ಲವಲ್ಲಪ್ಪ’ ಅಂದ್ರು. ಇವರ ಮುಖ ನೋಡ್ಬೇಕಿತ್ತು. ‘ತಪ್ಪು ತಿಳ್ಕೋಬೇಡಿ ಸರ್, ಗಾಳಿ ತಿರುಗಿದೆ’ ಅಂತ ಹೇಳಿ, ಗವಸು ಬಿಚ್ಚಿ, ಕೈ ತೊಳ್ಕೊಂಡು, ಕುರ್ಚಿನೆಲ್ಲಾ ಆ ಕಡೆಗೆ ಹೊತ್ತುಹಾಕಿದ್ರು. ಸಾಹೇಬ್ರು ನಗ್ತಾ ಹೋಗಿ ಕೂತ್ರು.”

“ಕೂತ್ಕೊಂಡು?” ಎಂದು ಮಗಳು ಕೇಳಿದಳು. ಅವಳ ಕೈ ನನ್ನ ತೋಳನ್ನು ಬಿಗಿಯಾಗಿ ಹಿಡಿದಿತ್ತು.

“ಕೂತ್ಕೊಂಡೇ ಪಾಸ್ ಅಂತ ಬರೆದ್ರು” ಎಂದರು ಅಳಿಯ, ಡ್ರೈವರಿನ ಹಿಂದಿನಿಂದ.

ಡ್ರೈವರು ಹೋದ ಮೇಲೂ ಯಜಮಾನರ ಮೆರೆತ ಮುಗಿಯಲಿಲ್ಲ. ಆ ಕೂಗನ್ನು ಪಕ್ಕದ ಮನೆಯಾಕೆಗೆ ಎರಡು ಸಲ ಮಾಡಿ ತೋರಿಸಿದರು. ಆಮೇಲೆ ಮುಖ ತೊಳೆದುಕೊಂಡು, ಟವೆಲಿನಿಂದ ಒರೆಸಿಕೊಳ್ಳುತ್ತ ಬಚ್ಚಲಿನ ಕಡೆ ಬಂದರು. ಅಳಿಯ ಕೆಂಪು ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಹೊಲದ ಬಟ್ಟೆ ನೆನೆಹಾಕುತ್ತಿದ್ದರು. ಯಜಮಾನರು ಎಂದಿನಂತೆ ಟವೆಲು ಎಸೆಯಲು ಕೈಯೆತ್ತಿದರು.

“ಬೇಡ ಮಾವ. ಇದು ಹೊಲದ ಬಟ್ಟೆ ಬಕೆಟ್ಟು. ಮನೇದು ಇದರಲ್ಲಿ ಹಾಕ್ಬಾರದು.”

ಕೂಗಲಿಲ್ಲ, ದಯವಿಟ್ಟು ಎನ್ನಲೂ ಇಲ್ಲ. ಉಪ್ಪು ಆ ಡಬ್ಬಿಯಲ್ಲಿದೆ ಎಂದು ಹೇಳುವ ಹಾಗೆ ಹೇಳಿದರು.

ಯಜಮಾನರ ಕೈ ಮೇಲೆಯೇ ನಿಂತಿತು. “ಇಷ್ಟು ದಿನ ಯಾಕ್ರೀ ಹೇಳ್ಲಿಲ್ಲ?”

“ಇಷ್ಟು ದಿನ ಸರ್ಟಿಫಿಕೇಟ್ ಇರ್ಲಿಲ್ಲವಲ್ಲಪ್ಪಾ!” ಎಂದಳು ಮಗಳು ನಡುಮನೆಯಿಂದ.

ಯಜಮಾನರು ಟವೆಲನ್ನು ಹೆಗಲಿಗೆ ಹಾಕಿಕೊಂಡು ಮೂಲೆಯಲ್ಲಿದ್ದ ನೀಲಿ ಬಕೆಟ್ಟನ್ನು ಹುಡುಕಿ ತಂದರು. ಅಳಿಯ ಸ್ವಲ್ಪ ಸರಿದು ಅವರಿಗೆ ಜಾಗ ಮಾಡಿಕೊಟ್ಟರು. ಸೋಪು ಒಂದೇ ಇತ್ತು, ಯಜಮಾನರೇ ಮೊದಲು ಟವೆಲಿಗೆ ಹಚ್ಚಿಕೊಂಡರು. ಅಳಿಯ ಅಂಗಿಯ ತೋಳನ್ನು ಉಜ್ಜಿ, ಜಾಲಿಸಿ, ನೀರು ಬದಲಿಸಿ ಮತ್ತೆ ಜಾಲಿಸಿ, ಹಿಂಡಿ ಹಿತ್ತಿಲಿಗೆ ಒಯ್ದರು. ನಮ್ಮ ಬಟ್ಟೆಗಳಿಂದ ದೂರವಾಗಿ, ತಂತಿಯ ಆ ತುದಿಯಲ್ಲಿ ಅದನ್ನು ಕೊಡವಿ ಹರವಿದರು.