ಹಗೇವಿಗೆ ಇಳಿಸಿದ ದೀಪ

ನಿನ್ನೆ ನಮ್ಮ ಹಿತ್ತಲಿನ ನೀರಿನ ತೊಟ್ಟಿ ತೊಳೆಯಬೇಕೆಂದು ಮೊಮ್ಮಗಳು ಮುಚ್ಚಳ ಸರಿಸಿದಳು. ನೆಲದೊಳಗಿನ ತೊಟ್ಟಿ, ಎಷ್ಟೋ ದಿನದಿಂದ ಮುಚ್ಚಿದ್ದು. ಮುಗ್ಗಲು ವಾಸನೆ ಗುಪ್ಪೆಂದು ಮೂಗಿಗೆ ಬಡಿಯಿತು. ನಾನು ಊರುಗೋಲನ್ನೂ ಮರೆತು ಓಡಿದೆ. ಈ ವಯಸ್ಸಿನಲ್ಲಿ ಅದನ್ನು ಓಟ ಎನ್ನುವುದು ನನ್ನ ಔದಾರ್ಯ. ಮೇಣದಬತ್ತಿ, ಹಗ್ಗ, ಒಂದು ಡಬ್ಬ ತರಿಸಿದೆ. ಮನೆಮಂದಿ ಮುಸಿಮುಸಿ ನಕ್ಕರು. ಮುಚ್ಚಿದ ತೊಟ್ಟಿ ತೆರೆದಾಗಲೆಲ್ಲ ನಾನು ಒಳಗೆ ದೀಪ ಇಳಿಸುವುದನ್ನು ಇಲ್ಲಿ ಮೆಕ್ಸಿಕೋದಲ್ಲಿ ನಮ್ಮ ಬೀದಿಯವರೆಲ್ಲ ಅಜ್ಜಿಯ ದೇಶದ ಪೂಜೆ ಎಂದೇ ನಂಬಿದ್ದಾರೆ. ನಾನೂ ತಿದ್ದಿರಲಿಲ್ಲ. ಭಕ್ತೆ ಎನ್ನಿಸಿಕೊಳ್ಳಲು ಯಾರಿಗೆ ಬೇಸರ, ನೀವೇ ಹೇಳಿ.

ಬಾಗಲೂರಿನ ಪಕ್ಕದ ನಮ್ಮೂರಿನಲ್ಲಿ ರಾಗಿಯನ್ನು ಹಗೇವಿನಲ್ಲಿ, ಎಂದರೆ ನೆಲದೊಳಗಿನ ಕಣಜದಲ್ಲಿ ಇಡುತ್ತಿದ್ದರು. ಅಂಗಳದಲ್ಲಿ ಒಬ್ಬ ಆಳು ಇಳಿಯುವಷ್ಟೇ ಬಾಯಿ, ಒಳಗೆ ಗುಡಾಣದಂಥ ಹೊಟ್ಟೆ. ಮೇಲೆ ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ, ಒಳಗಿನ ಗಾಳಿ ಕೆಡುತ್ತದೆ. ಬಾಯಿ ತೆಗೆದು ಒಂದು ದಿನ ಹಾಗೇ ಬಿಡಬೇಕು. ಆಮೇಲೆ ದೀಪ ಇಳಿಸಬೇಕು. ದೀಪ ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ಇದು ಊರಿನ ಎಳೆಮಕ್ಕಳಿಗೂ ಗೊತ್ತಿತ್ತು, ಒಂಬತ್ತು ವರ್ಷದ ನನಗಂತೂ ಚೆನ್ನಾಗಿ ಗೊತ್ತಿತ್ತು.

ಯುದ್ಧ ಮುಗಿದ ಹೊಸತು. ನಮ್ಮ ಕಡೆಗೆ ಹೋರಿ ಕೊಳ್ಳಲು ಬಂದ ಮೆಕ್ಸಿಕೋದ ಸಾಹೇಬ, ಅವುಗಳನ್ನು ಸಾಕುತ್ತಿದ್ದ ಅಪ್ಪನನ್ನೂ ಸಂಸಾರ ಸಮೇತ ಬಾ ಎಂದು ಕರೆದ. ಅಂದಿನಿಂದ ಅಪ್ಪ ಕಲಿತ ನಾಲ್ಕು ಸ್ಪ್ಯಾನಿಷ್ ಮಾತನ್ನು ಹೋರಿಗಳ ಮೇಲೆ ಪ್ರಯೋಗಿಸತೊಡಗಿದ. ಕನ್ನಡ, ತೆಲುಗು, ತಮಿಳು ಮೂರಕ್ಕೂ ತಲೆಯಾಡಿಸುತ್ತಿದ್ದ ಅವು ಇದಕ್ಕೂ ಆಡಿಸಿದವು. ಅಪ್ಪನ ತಾಯಿ, ನಮ್ಮಜ್ಜಿ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ತುಂಬಿದ ಹಗೇವು ಬಿಟ್ಟು ಯಾವೋನಾದರೂ ಊರು ಬಿಡುತ್ತಾನೆಯೇ ಎಂದು ಮಗನ ಜೊತೆ ಮಾತನ್ನೇ ಬಿಟ್ಟಳು.

ಹೊರಡುವ ದಿನ ಬೆಳಿಗ್ಗೆ ಅವ್ವ ಹಠ ಹಿಡಿದಳು: ರಾಗಿ ಇಲ್ಲದೆ ಹಡಗು ಹತ್ತುವುದಿಲ್ಲ, ಈ ಹುಡುಗಿಗೆ ಏನು ಬೇಯಿಸಿ ಹಾಕಲಿ? ಮನೆಯೊಳಗಿನ ರಾಗಿ ಮುಗಿದಿತ್ತು. ಹೊಸೂರಿಗೆ ಹೋಗಲು ಚಿಕ್ಕಪ್ಪ ಗಾಡಿ ಕಟ್ಟುತ್ತಿದ್ದ. ಒಂದು ದಿನ ತಡವಾದರೆ ಬೊಂಬಾಯಿಯಲ್ಲಿ ಹಡಗು ತಪ್ಪುತ್ತದೆ. ಅಜ್ಜಿ ನಮ್ಮ ಮುಖ ನೋಡಲಾರದೆ ಹೊಲಕ್ಕೆ ಹೋಗಿದ್ದಳು. ಅಪ್ಪ ಹಾರೆ ಹಾಕಿ ಚಪ್ಪಡಿ ಎಬ್ಬಿಸಿದ. ಚೀಲ ಹಿಡಿದು ಪಕ್ಕದಲ್ಲಿ ನಿಂತವಳು ನಾನು. ದೀಪ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ದೀಪ ಎಂದರೆ ಒಂದು ದಿನ, ಒಂದು ದಿನ ಎಂದರೆ ಹಡಗಿಲ್ಲ. ನನಗೆ ಹಡಗು ಬೇಕಿತ್ತು.

ಅಪ್ಪ ಇಳಿದ. ಚೀಲಕ್ಕೆಂದು ಚಾಚಿದ ಕೈ ಒಮ್ಮೆ ಕಂಡಿತು, ಮತ್ತೆ ಕಾಣಲಿಲ್ಲ. ಕರೆದೆ. ಓಗೊಡಲಿಲ್ಲ.

ನನ್ನ ಕಿರುಚಾಟಕ್ಕೆ ಓಡಿಬಂದ ಚಿಕ್ಕಪ್ಪ ಹಿಂದುಮುಂದು ನೋಡದೆ ಇಳಿಯಹೋದ. ಹೊಲದಿಂದ ಬಂದ ಅಜ್ಜಿ ಅವನ ಜುಟ್ಟು ಹಿಡಿದು ಎಳೆದಳು.

"ಒಬ್ಬನ್ನ ನುಂಗೈತೆ. ಇನ್ನೊಬ್ಬನ್ನ ಕೊಡಾಕಿಲ್ಲ ಕಣ್ಲಾ."

ಹೊಂಗೆ ಕೊಂಬೆಗಳನ್ನು ಹಗ್ಗಕ್ಕೆ ಕಟ್ಟಿಸಿ, ಕೆಟ್ಟ ಗಾಳಿ ಹೊರಬರಲೆಂದು ಹಗೇವಿನೊಳಗೆ ಮೇಲೆ ಕೆಳಗೆ ಆಡಿಸಿದಳು. ಲಾಟೀನು ಇಳಿಸಿದಳು. ಆರಿತು. ಒಳಗಿರುವವನು ಹೆತ್ತ ಮಗ, ಆದರೂ ಯಾರನ್ನೂ ಇಳಿಯಗೊಡಲಿಲ್ಲ. ಅವ್ವ ಅವಳಿಗೆ ಹಿಡಿಶಾಪ ಹಾಕುತ್ತಿದ್ದಳು. ಅಜ್ಜಿ ಮತ್ತೆ ಕೊಂಬೆ ಆಡಿಸಿದಳು, ಮತ್ತೆ ಲಾಟೀನು ಬಿಟ್ಟಳು. ಈ ಸಲ ಕುಡಿ ಕುಗ್ಗಿತು, ನಡುಗಿತು, ಆರದೆ ನಿಂತಿತು. ಆಗ ಚಿಕ್ಕಪ್ಪ ಸೊಂಟಕ್ಕೆ ಹಗ್ಗ ಬಿಗಿದು ಇಳಿದ.

ಅಂಗಳದಲ್ಲಿ ಮಲಗಿಸಿದ ಅಪ್ಪ ಎಷ್ಟೋ ಹೊತ್ತಿಗೆ ಕೆಮ್ಮಿದ. ಅಲ್ಲಿಯವರೆಗೆ ಕಲ್ಲಿನಂತಿದ್ದ ಅಜ್ಜಿ ಆ ಕೆಮ್ಮು ಕೇಳಿ ಅತ್ತಳು.

ಆ ಹಡಗು ಹೋಯಿತು. ಸಾಹೇಬ ದೊಡ್ಡ ಮನಸ್ಸು ಮಾಡಿ ಮುಂದಿನದಕ್ಕೆ ಬರಹೇಳಿದ. ಗಾಡಿಗೆ ರಾಗಿಯ ಚೀಲ ಏರಿಸಿದ ದಿನ ಎಲ್ಲರಿಗಿಂತ ಮೊದಲು ಅಜ್ಜಿ ತನ್ನ ಗಂಟಿನೊಂದಿಗೆ ಹತ್ತಿ ಕೂತಿದ್ದಳು. ಅಪ್ಪ ಬೆಪ್ಪಾಗಿ ನೋಡಿದ.

"ದೀಪ ಬಿಡೋ ಬುದ್ದಿ ಇಲ್ದೋನ್ನ ಸಮುದ್ರದಾಚೆಗೆ ಒಬ್ಬನ್ನೇ ಹೆಂಗ್ಲಾ ಕಳಿಸ್ಲಿ?"

ಅವಳ ಸಮಾಧಿ ಇಲ್ಲೇ ಇದೆ. ಇದ್ದಷ್ಟು ದಿನ ಅವಳು ಅಪ್ಪನ ಆತುರವನ್ನೇ ಬೈದಳು. ಚೀಲ ಹಿಡಿದು ನಿಂತಿದ್ದವಳನ್ನು ಯಾರೂ ಏನೂ ಕೇಳಲಿಲ್ಲ.

ನಿನ್ನೆ ತೊಟ್ಟಿಯ ಬಳಿ ಕೂತು ಎಲ್ಲವನ್ನೂ ಹೇಳಿಬಿಟ್ಟೆ, ನಾನು ಬಾಯಿ ಮುಚ್ಚಿಕೊಂಡಿದ್ದನ್ನೂ. ನಗು ನಿಂತಿತು. ಮೊಮ್ಮಗಳು ಡಬ್ಬದೊಳಗೆ ಮೇಣದಬತ್ತಿ ನಿಲ್ಲಿಸಿ ತಾನೇ ಹಗ್ಗ ಬಿಟ್ಟಳು. ಬಗ್ಗಿ ನೋಡಿದೆವು. ಉರಿಯುತ್ತಿತ್ತು. ದಿನವೆಲ್ಲ ಸ್ಪ್ಯಾನಿಷ್ ಆಡುವ ಹುಡುಗಿ, ಅಜ್ಜಿಯಿಂದ ನನಗೆ, ನನ್ನಿಂದ ಅವಳಿಗೆ ಬಂದ ಮಾತಿನಲ್ಲಿ, "ಇಳೀಲಾ ಅಜ್ಜಿ?" ಎಂದಳು.

ಎಪ್ಪತ್ತಕ್ಕೂ ಹೆಚ್ಚು ವರ್ಷ ಗಂಟಲಲ್ಲೇ ಕೂತಿದ್ದ ಮಾತು ಹೊರಗೆ ಬಂತು.

"ಇರವ್ವ. ಇನ್ನೊಂದು ಕಿತ ದೀಪ ಬಿಡು."