ನಾನೂ ‘ಹಿಡೀರಿ’ ಎಂದು ಕೂಗಿದ ದಿನ

ಶಿಕಾರಿಪುರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತ, ಜನರ ಅಭಿಪ್ರಾಯ ಹೇಗೆ ಹರಡುತ್ತದೆ ಎಂಬುದರ ಮೇಲೆ ಪಿಎಚ್.ಡಿ. ಮಾಡುತ್ತಿದ್ದೆ. ನನ್ನ ಕಂಪ್ಯೂಟರಿನಲ್ಲಿ ಪ್ರತಿಯೊಬ್ಬ ಮನುಷ್ಯನೂ ಒಂದು ಪುಟ್ಟ ಆಯಸ್ಕಾಂತ. ಅಕ್ಕಪಕ್ಕದವರು ಯಾವ ಕಡೆ ತಿರುಗಿದ್ದಾರೋ ಇವನೂ ಹೆಚ್ಚಾಗಿ ಅತ್ತಲೇ ತಿರುಗುತ್ತಾನೆ. ಒಂದು ಹಂತದವರೆಗೆ ಅಲ್ಲೊಬ್ಬ ಇಲ್ಲೊಬ್ಬ ತಿರುಗಿ ಬಣ್ಣ ಬದಲಿಸುತ್ತಾನೆ. ಅದು ದಾಟಿತೆಂದರೆ ಇಡೀ ಪರದೆ ಒಂದೇ ಬಣ್ಣ.

ಆ ವಾರ ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಯ್ಸ್ ಮೆಸೇಜ್ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿತ್ತು. ಸೊರಬದಲ್ಲಿದ್ದ ನನ್ನ ಅಕ್ಕ ಮೂರು ಸಲ ಕಳಿಸಿದ್ದಳು. ಅದು ಯಾವ ಗುಂಪಿನಿಂದ ಯಾವ ಗುಂಪಿಗೆ ಹೋಯಿತೆಂದು ನಾನು ಖುಷಿಯಿಂದ ಬರೆದಿಟ್ಟುಕೊಂಡೆ. ಸುಳ್ಳೆಂದು ಗೊತ್ತಿದ್ದೂ ಯಾರಿಗೂ ಹೇಳಲಿಲ್ಲ.

ಶನಿವಾರ ಮಧ್ಯಾಹ್ನ ನಾನು ವಾಸವಿದ್ದ ಅಂಜನಾಪುರದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಮೊಪೆಡ್‌ನಲ್ಲಿ ಬಂದ ಕುಕ್ಕರ್ ರಿಪೇರಿಯವನೊಬ್ಬ, ರಸ್ತೆ ಬದಿ ಅಳುತ್ತಿದ್ದ ಪುಟ್ಟ ಹುಡುಗಿಯನ್ನು ನೋಡಿ, “ನಿಮ್ಮನಿ ಎಲ್ಲೈತವ್ವಾ?” ಎಂದು ಕೇಳಿದ.

“ಏಯ್, ಇವನೇ ಕಣ್ರೋ ಮಕ್ಕಳ ಕಳ್ಳ!” ಎಂದರು ಯಾರೋ.

ಅವನು ಹೆದರಿ ಮೊಪೆಡ್ ಹತ್ತಿದ. “ಹಿಡೀರಿ, ಬಿಡಬ್ಯಾಡ್ರಿ!” ಎಂಬ ಕೂಗೆದ್ದಿತು. ಕೂಗಿದ್ದು ನಾನೇ ಎಂದು ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು.

ಅವನನ್ನು ಕೆಳಗೆಳೆದರು. ಅವನದೇ ಚೀಲದ ಕುಕ್ಕರ್ ಮುಚ್ಚಳದಿಂದ ಮುಖಕ್ಕೆ ಬಾರಿಸಿದರು. ಹಲ್ಲುಗಳು ಮಣ್ಣಿಗೆ ಬಿದ್ದವು. ಪಕ್ಕೆಗೆ ಒದ್ದ ಒಬ್ಬ, ನಮ್ಮ ಬೀದಿಯ ಹಾಲಿನವನು, ಉಸಿರು ತೆಗೆದುಕೊಂಡು ಮತ್ತೆ ಒದ್ದ. ನಾನು ಹೊಡೆಯಲಿಲ್ಲ. ಬಿಡಿಸಲೂ ಇಲ್ಲ.

ಆಗ ಹುಡುಗಿಯ ಅಜ್ಜಿ ಗುಂಪನ್ನು ಸೀಳಿಕೊಂಡು ಬಂದು ಅವನ ಮೇಲೆ ಬೋರಲು ಬಿದ್ದಳು. “ನಮ್ಮ ಕೂಸು ದಾರಿ ತಪ್ಪೈತ್ರೋ! ಅವನೇನು ಮಾಡ್ಯಾನ?” ಯಾರೋ ಎತ್ತಿದ್ದ ದೊಣ್ಣೆ ಅವಳ ಮುಂಗೈ ಮೇಲೆ ಇಳಿಯಿತು. ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಒಬ್ಬೊಬ್ಬರೇ ಹಿಂದೆ ಸರಿದರು.

ಅವನ ಜೀವ ಉಳಿಯಿತು, ಬಲಗಣ್ಣು ಹೋಯಿತು. ಪೊಲೀಸರಿಗೆ ಹಾಲಿನವನ ಹೆಸರು ಹೇಳಿದೆ, ನಾನು ಕೂಗಿದ್ದನ್ನೂ ಹೇಳಿದೆ.

“ನಿಂಗೇನು ತಲೆ ಕೆಟ್ಟಿದೆಯಾ? ನೀನು ಕೈಯೆತ್ತಿಲ್ವಲ್ಲ ಮಾರಾಯ,” ಎಂದು ಅಕ್ಕ ಫೋನಿನಲ್ಲಿ ಅತ್ತಳು.

ರಿಪೇರಿಯವನನ್ನು ನೋಡಲು ಶಿವಮೊಗ್ಗದ ಆಸ್ಪತ್ರೆಗೆ ಹೋದಾಗ ಅವನಿಗೆ ನನ್ನ ಗುರುತು ಸಿಗಲಿಲ್ಲ. “ನನ್ನ ಸಾಮಾನಿನ ಚೀಲ ಎಲ್ಲೈತಿ ಗೊತ್ತೇನ್ರೀ ಸರ?” ಎಂದು ಕೇಳಿದ.

“ಪೊಲೀಸ್ ಸ್ಟೇಷನ್ನಿನಲ್ಲಿದೆ. ಹಿಡೀರಿ ಅಂತ ಅವತ್ತು ಕೂಗಿದ್ದು ನಾನು,” ಎಂದೆ.

ಅವನು ಗೋಡೆಯ ಕಡೆ ಮುಖ ತಿರುಗಿಸಿದ. “ಹೊರಗ ಹೋಗ್ರಿ,” ಎಂದ. ನಾನು ಎದ್ದು ಬಂದೆ.